ಉಳಿಸಬಲ್ಲವನು ಉಳಿಸದೆ ಹೋದಾಗ

ಬಲಶಾಲಿಯ ಶೀಲವನ್ನು ಅವನ ಗೆಲುವುಗಳಿಂದ ಅಳೆಯುವುದು ಲೋಕರೂಢಿ. ಆದರೆ ತನ್ನಿಂದ ತಪ್ಪು ಘಟಿಸಿದ ಗಳಿಗೆಯಲ್ಲಿ ಅವನು ಹೇಗೆ ನಡೆದುಕೊಂಡನೆಂಬುದೇ ನಿಜವಾದ ಒರೆಗಲ್ಲು. ಅಮೆರಿಕದ ವಿಡಂಬನಾತ್ಮಕ ಧಾರಾವಾಹಿ ‘ದಿ ಬಾಯ್ಸ್’ನ ನಾಲ್ಕನೆಯ ಕಂತು (2019) ಈ ಒರೆಗಲ್ಲನ್ನು ನಮ್ಮ ಮುಂದಿಡುತ್ತದೆ.

ಧಾರಾವಾಹಿಯ ಮೂಲ ಅದೇ ಹೆಸರಿನ ಚಿತ್ರಕಥಾಮಾಲೆ. ಲೇಖಕ ಗಾರ್ತ್ ಎನಿಸ್ ಹಾಗೂ ಚಿತ್ರಕಾರ ಡ್ಯಾರಿಕ್ ರಾಬರ್ಟ್‌ಸನ್ ಅದನ್ನು ರೂಪಿಸಿದವರು. 2006ರಲ್ಲಿ ಡಿಸಿ ಸಂಸ್ಥೆಯ ಅಂಗವಾದ ವೈಲ್ಡ್‌ಸ್ಟಾರ್ಮ್ ಅದನ್ನು ಆರಂಭಿಸಿ, ಆರು ಸಂಚಿಕೆಗಳ ಬಳಿಕ ಕೈಬಿಟ್ಟಿತು. ಸೂಪರ್‌ಮ್ಯಾನ್‌ನಂಥ ವೀರರಿಂದ ಬೆಳೆದ ಸಂಸ್ಥೆಗೆ ವೀರರ ಅಣಕ ಒಗ್ಗದಿದ್ದುದು ಸಹಜವೇ. ಮುಂದೆ ಡೈನಮೈಟ್ ಸಂಸ್ಥೆ ಅದನ್ನು ಕೈಗೆತ್ತಿಕೊಂಡು, 2012ರಲ್ಲಿ 72ನೆಯ ಸಂಚಿಕೆಯೊಂದಿಗೆ ಪೂರ್ಣಗೊಳಿಸಿತು.

ಚಿತ್ರಕಥೆಯು 2001ರ ಸೆಪ್ಟೆಂಬರ್ 11ರ ದುರಂತವನ್ನು ಕಲ್ಪನೆಯಿಂದ ಬದಲಿಸಿ ಬಳಸಿಕೊಂಡಿದೆ. ಅಪಹೃತ ವಿಮಾನವನ್ನು ರಕ್ಷಿಸಹೋದ ಅತಿಮಾನವರು ತರಬೇತಿಯಿಲ್ಲದೆ ಎಡವುತ್ತಾರೆ. ವಿಮಾನವು ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಗೆ ಅಪ್ಪಳಿಸುತ್ತದೆ. ಎರಿಕ್ ಕ್ರಿಪ್ಕಿ ರೂಪಿಸಿದ ಧಾರಾವಾಹಿಯಲ್ಲಿ ಆ ದಿನಾಂಕವೂ ಇಲ್ಲ, ಸೇತುವೆಯೂ ಇಲ್ಲ. ಸಮುದ್ರದ ಮೇಲೆ ಹಾರುತ್ತಿರುವ ಒಂದು ಕಲ್ಪಿತ ವಿಮಾನ ಮಾತ್ರ ಇದೆ. ಹೀಗಾಗಿ ನೋಡುಗನ ಗಮನ ಇತಿಹಾಸದಿಂದ ಸರಿದು, ವಿಮಾನದೊಳಗಿನ ಒಂದು ನಿರ್ಧಾರದ ಮೇಲೆ ನಿಲ್ಲುತ್ತದೆ. ಈ ಮಾರ್ಪಾಡು ಮೂಲಕ್ಕಿಂತ ಮೇಲಾದುದೆಂದು ನನ್ನ ಅಭಿಪ್ರಾಯ.

ನಾಯಕ ಹೋಮ್‌ಲ್ಯಾಂಡರ್ ಕಣ್ಣಿನ ಕಿರಣದಿಂದ ಅಪಹರಣಕಾರನನ್ನು ಕೊಲ್ಲುವ ಭರದಲ್ಲಿ ವಿಮಾನದ ಚಾಲನಾಯಂತ್ರವನ್ನೂ ಸುಡುತ್ತಾನೆ. ಇದು ದುಡುಕಿನ ತಪ್ಪು. ಸಂಗಾತಿ ಮೇವ್, ಒಬ್ಬ ತಾಯಿ-ಮಗುವನ್ನಾದರೂ ಉಳಿಸೋಣವೆಂದು ಬೇಡುತ್ತಾಳೆ. ಉಳಿದವರು ನಡೆದುದನ್ನು ಹೇಳಿಬಿಟ್ಟಾರೆಂದು ಅವನು ನಿರಾಕರಿಸಿ, ಎಲ್ಲರನ್ನೂ ಬಿಟ್ಟು ಹೊರಡುತ್ತಾನೆ. ದುಡುಕು ಪಾಪವಾಗುವುದು ಇಲ್ಲಿ. ಅಷ್ಟಕ್ಕೇ ನಿಲ್ಲದೆ, ಅವಶೇಷಗಳು ತೇಲಿಬಂದ ದಡದಲ್ಲಿ ನಿಂತು, ಅತಿಮಾನವರನ್ನು ಸೈನ್ಯವ್ಯವಸ್ಥೆಗೆ ಸೇರಿಸಿಕೊಂಡಿದ್ದರೆ ಈ ಜೀವಗಳು ಉಳಿಯುತ್ತಿದ್ದವೆಂದು ಭಾಷಣ ಮಾಡುತ್ತಾನೆ. ಅವನ ಒಡೆಯರಾದ ವಾಟ್ ಕಂಪನಿ ಬಯಸಿದ್ದೂ ಅದನ್ನೇ. ಸತ್ತವರು ಲಾಭದ ಬಾಬ್ತಾಗಿ ಜಮೆಯಾಗುತ್ತಾರೆ.

ದೋಷಗಳಿಲ್ಲವೆಂದಲ್ಲ. ಹಿಂಸೆಯನ್ನು ಖಂಡಿಸುವ ಈ ಧಾರಾವಾಹಿ ಇತರೆಡೆ ರಕ್ತಪಾತವನ್ನು ರಂಜನೆಯಾಗಿ ಉಣಬಡಿಸುತ್ತದೆ. ಅದನ್ನು ಮಕ್ಕಳೊಡನೆ ನೋಡಲಾಗದು. ಕಂಪನಿಯ ದುರಾಸೆಯನ್ನು ಹಳಿಯುವ ಕಥೆಯನ್ನು ಮಾರುವುದು ಅಮೆಜಾನ್‌ನಂಥ ಮಹಾಕಂಪನಿಯೇ ಎಂಬುದೂ ವಿಡಂಬನೆಯೇ ಸರಿ. ಆದರೆ ಈ ಕಂತಿನ ಶಕ್ತಿ ರಕ್ತದಲ್ಲಿಲ್ಲ, ಮೇವ್‌ಳ ಮುಖದಲ್ಲಿದೆ. ಆಕೆಗೆ ಎಲ್ಲವೂ ತಿಳಿದಿದೆ. ಆದರೂ ನಾಯಕನ ಹಿಂದೆ ಹೊರಡುತ್ತಾಳೆ, ಸುಮ್ಮನಿರುತ್ತಾಳೆ.

ಹೋಮ್‌ಲ್ಯಾಂಡರನಂಥವರು ಲೋಕದಲ್ಲಿ ವಿರಳ. ಸಂಸ್ಥೆಯ ಹೆಸರು ಕೆಟ್ಟೀತೆಂದು ತಿಳಿದೂ ಬಾಯಿಮುಚ್ಚಿದ ಮೇವ್‌ಗಳು ಪ್ರತಿ ಆಡಳಿತಮಂಡಳಿಯಲ್ಲಿಯೂ, ಪ್ರತಿ ಅಂಗಡಿಯಲ್ಲಿಯೂ ಇದ್ದಾರೆ. ಈ ಕಂತು ನಿಜವಾಗಿ ಪ್ರಶ್ನಿಸುವುದು ಅವರನ್ನು.