ಶೂನ್ಯಕ್ಕಿಂತ ಕೆಳಗಿನ ರಾತ್ರಿಗಳು

ಪ್ರಾಥಮಿಕ ಆರೋಗ್ಯ ಕೇಂದ್ರದ ಲಸಿಕೆ ಕೋಣೆಗೆ ಹೋದವರು ಲಸಿಕೆ ಇಡುವ ಫ್ರಿಜ್, ಅಂದರೆ ಐಎಲ್‌ಆರ್ ಪಕ್ಕದಲ್ಲಿರುವ ಲಾಗ್‌ಬುಕ್ಕನ್ನು ಒಮ್ಮೆ ತಿರುವಿ ನೋಡಬೇಕು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಒಳಗಿನ ಉಷ್ಣಾಂಶ ನೋಡಿ ಬರೆದು ಸಹಿ ಮಾಡಬೇಕೆಂಬುದು ನಿಯಮ. ಪುಟದ ತುಂಬ 4, 5, 4, 4, 5 ಎಂಬ ಅಂಕಿಗಳು. ಇವನ್ನು ಕಂಡ ಕೂಡಲೇ ಯಾರೋ ಕೂತಲ್ಲೇ ಬರೆದಿದ್ದಾರೆ ಎಂದು ಅನುಮಾನಿಸುವವರಿದ್ದಾರೆ. ಹಾಗೆ ಬರೆದದ್ದೂ ಇರಬಹುದು. ಆದರೆ ಪ್ರಾಮಾಣಿಕವಾಗಿ ಬರೆದ ಪುಟವೂ ಬಹುಮಟ್ಟಿಗೆ ಹೀಗೇ ಇರುತ್ತದೆ. ಒಂಬತ್ತು ಗಂಟೆಗೆ ಥರ್ಮಾಮೀಟರ್ ನಿಜಕ್ಕೂ 4 ತೋರಿಸುತ್ತದೆ, ನಾಲ್ಕು ಗಂಟೆಗೆ 5. ಈ ಎರಡು ಗಳಿಗೆಗಳ ನಡುವೆ ಏನಾಯಿತು, ಅದರಲ್ಲೂ ಬಾಗಿಲು ಹಾಕಿ ಎಲ್ಲರೂ ಮನೆಗೆ ಹೋದಮೇಲೆ ಏನಾಯಿತು ಎಂಬುದನ್ನು ಈ ಪುಸ್ತಕ ಹೇಳಲಾರದು.

ಆ ಹೊತ್ತಿನ ಲೆಕ್ಕ ಇಡಲು ಬಂದದ್ದು ಡಾಟಾ ಲಾಗರ್. ಒಂದು ಸೆನ್ಸರ್, ಒಂದು ಗಡಿಯಾರ, ನೆನಪಿಟ್ಟುಕೊಳ್ಳುವ ಒಂದು ಚಿಪ್, ಅಷ್ಟೇ. ಹತ್ತು ನಿಮಿಷಕ್ಕೊಮ್ಮೆ ಬರೆದುಕೊಂಡರೂ ದಿನಕ್ಕೆ 144 ರೀಡಿಂಗ್. ಎರಡು ರೀಡಿಂಗ್‌ನ ಜಾಗದಲ್ಲಿ 144 ಬಂದದ್ದು ದೊಡ್ಡ ಬದಲಾವಣೆ ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಈ ಸಾಧನವನ್ನು ಅದು ಎಷ್ಟು ಬರೆದುಕೊಳ್ಳುತ್ತದೆ ಎಂಬುದರಿಂದ ಅಳೆಯುವುದು ಸರಿಯಲ್ಲ. ಅದು ಬರೆದದ್ದನ್ನು ಓದಿ ಮರುದಿನ ಬೆಳಗ್ಗೆ ಯಾವ ವಯಲ್ ಮಗುವಿಗೆ ಹೋಗಬೇಕು, ಯಾವುದು ಹೋಗಬಾರದು ಎಂದು ಯಾರಾದರೂ ತೀರ್ಮಾನಿಸುತ್ತಾರೆಯೇ ಎಂಬುದರಿಂದ ಅಳೆಯಬೇಕು. ಈ ಅಳತೆಯಲ್ಲಿ ನಮ್ಮ ವ್ಯವಸ್ಥೆ ಅರ್ಧ ದಾರಿಯಲ್ಲಿ ನಿಂತಿದೆ ಎಂಬುದು ನನ್ನ ಅಭಿಪ್ರಾಯ.

ಕೋಲ್ಡ್ ಚೈನ್ ಎಂದೊಡನೆ ನಮಗೆ ಬರುವ ಭಯ ಸೆಕೆಯದು. ಕರೆಂಟು ಹೋಯಿತು, ಲಸಿಕೆ ಬಿಸಿಯಾಯಿತು, ಕೆಟ್ಟಿತು ಎಂಬ ಭಯ. ನಮ್ಮ ಬೇಸಿಗೆ, ನಮ್ಮ ಲೋಡ್ ಶೆಡ್ಡಿಂಗ್ ನೋಡಿದರೆ ಅದು ಸಹಜವೇ. ಆದರೆ ಈ ಭಯಕ್ಕೆ ಮದ್ದು ಬಹಳ ಹಿಂದೆಯೇ ಸಿಕ್ಕಿದೆ. ಐಎಲ್‌ಆರ್ ಎಂಬ ಫ್ರಿಜ್‌ನ ಗೋಡೆಯೊಳಗೇ ಮಂಜುಗಡ್ಡೆಯ ಪದರ ಇರುತ್ತದೆ. ಮುಚ್ಚಳ ಮೇಲಕ್ಕೆ ತೆರೆಯುವುದರಿಂದ ತಣ್ಣನೆಯ ಗಾಳಿ ಚೆಲ್ಲಿಹೋಗುವುದಿಲ್ಲ. ದಿನಕ್ಕೆ 8 ಗಂಟೆ ಕರೆಂಟು ಸಿಕ್ಕರೂ 2ರಿಂದ 8 ಡಿಗ್ರಿಯೊಳಗೆ ಇರುವಂತೆ ಅದನ್ನು ರೂಪಿಸಲಾಗಿದೆ. ಇದರ ಜೊತೆಗೆ ವಯಲ್ ಮೇಲೆಯೇ ವಿವಿಎಂ ಇದೆ. ಒಂದು ವೃತ್ತ, ಅದರೊಳಗೆ ತಿಳಿಬಣ್ಣದ ಒಂದು ಚೌಕ. ಶಾಖ ತಾಗಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ, ವೃತ್ತದ ಬಣ್ಣಕ್ಕೆ ಸಮವಾದರೆ ಆ ವಯಲ್ ಬಳಸುವಂತಿಲ್ಲ. 1996ರಲ್ಲಿ ಪೋಲಿಯೊ ಹನಿಯ ವಯಲ್ ಮೇಲೆ ಮೊದಲು ಬಂದ ಈ ಚಿಕ್ಕ ಗುರುತು, ನನ್ನ ಎಣಿಕೆಯಲ್ಲಿ, ಸಾರ್ವಜನಿಕ ಆರೋಗ್ಯ ಕಂಡ ಅತ್ಯುತ್ತಮ ಉಪಾಯಗಳಲ್ಲಿ ಒಂದು. ಓದುಬರಹ ಬೇಡ, ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ. ಕಾರ್ಖಾನೆಯಿಂದ ಅಂಗನವಾಡಿಯ ಮೆಟ್ಟಿಲವರೆಗೆ ಆ ವಯಲ್ ತಿಂದ ಶಾಖವನ್ನೆಲ್ಲ ಅದೇ ಹೇಳುತ್ತದೆ.

ಆದರೆ ವಿವಿಎಂ ಚಳಿಯ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ತೊಂದರೆ ಶುರುವಾಗುವುದು ಇಲ್ಲೇ. ಪೆಂಟಾವೇಲೆಂಟ್, ಡಿಪಿಟಿ, ಹೆಪಟೈಟಿಸ್-ಬಿ, ಟಿಡಿ, ಪಿಸಿವಿ ಇವೆಲ್ಲ ಹೆಪ್ಪುಗಟ್ಟಿದರೆ ಕೆಡುವ ಲಸಿಕೆಗಳು. ಇವುಗಳಲ್ಲಿ ಲಸಿಕೆಯ ಸತ್ವ ಅಲ್ಯೂಮಿನಿಯಂ ಲವಣದ ಸಣ್ಣ ಕಣಗಳಿಗೆ ಅಂಟಿಕೊಂಡಿರುತ್ತದೆ. ನೀರು ಹೆಪ್ಪಾದಾಗ ಆ ಕಣಗಳು ಒತ್ತರಿಸಿ ಮುದ್ದೆಯಾಗುತ್ತವೆ. ಮತ್ತೆ ಕರಗಿಸಿದರೂ ಮೊದಲಿನಂತೆ ಬಿಡಿಬಿಡಿಯಾಗುವುದಿಲ್ಲ. ಹೆಪಟೈಟಿಸ್-ಬಿ ಲಸಿಕೆಗೆ ಸೊನ್ನೆಯಿಂದ ಅರ್ಧ ಡಿಗ್ರಿ ಕೆಳಗೆ ಇಳಿದರೂ ಅಪಾಯ. ಕರಗಿದ ವಯಲ್ಲನ್ನು ಕೈಯಲ್ಲಿ ಹಿಡಿದು ಕುಲುಕಿದರೆ ಎಲ್ಲ ವಯಲ್‌ಗಳಂತೆಯೇ ಹಾಲು ಬೆರೆಸಿದ ನೀರಿನ ಬಣ್ಣ. ವ್ಯತ್ಯಾಸ ಗೊತ್ತಾಗಬೇಕಾದರೆ ಶೇಕ್ ಟೆಸ್ಟ್ ಮಾಡಬೇಕು. ಅದೇ ಕಂಪನಿಯ, ಅದೇ ಬ್ಯಾಚಿನ ಒಂದು ವಯಲ್ಲನ್ನು ಬೇಕೆಂದೇ ರಾತ್ರಿಯಿಡೀ ಡೀಪ್ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ, ಕರಗಿಸಿ, ಅನುಮಾನದ ವಯಲ್ ಜೊತೆ ಕುಲುಕಿ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಬೇಕು. ಹೆಪ್ಪುಗಟ್ಟಿದ ವಯಲ್‌ನಲ್ಲಿ ಸ್ವಲ್ಪ ಹೊತ್ತಿಗೇ ತಳದಲ್ಲಿ ಗಸಿ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಕೆಡದ ವಯಲ್ ಅಷ್ಟು ಹೊತ್ತಿಗೂ ಮಬ್ಬಾಗಿಯೇ ಇರುತ್ತದೆ. ಪರೀಕ್ಷೆ ಸರಳ, ಫಲಿತಾಂಶ ಕಣ್ಣೆದುರಿಗೇ. ಆದರೆ ಅನುಮಾನ ಬಂದರೆ ತಾನೇ ಪರೀಕ್ಷೆ! ಅನುಮಾನ ಹುಟ್ಟಿಸುವ ಸಾಕ್ಷಿ ಲಾಗರ್ ಒಂದೇ. ಶಾಖಕ್ಕೆ ಪ್ರತಿ ವಯಲ್‌ ಮೇಲೂ ಒಂದು ಸಾಕ್ಷಿ ಇದೆ, ಚಳಿಗೆ ಇಡೀ ಫ್ರಿಜ್‌ಗೆ ಒಂದೇ. ಆದ್ದರಿಂದ ಯಾವುದೇ ಲಾಗರ್ ವ್ಯವಸ್ಥೆಯನ್ನು ಅದು ಚಳಿಯನ್ನು ಹೇಗೆ ಕಾಣುತ್ತದೆ ಎಂಬುದರ ಮೇಲೆಯೇ ಮೊದಲು ತೂಗಬೇಕು.

ಇದು ಅಪರೂಪದ ಅಪಾಯವೂ ಅಲ್ಲ. ಭಾರತದ ಹತ್ತು ರಾಜ್ಯಗಳ ಲಸಿಕೆ ದಾಸ್ತಾನುಗಳಲ್ಲಿ ಲಾಗರ್ ಇಟ್ಟು ಮಾಡಿದ ಒಂದು ಅಧ್ಯಯನ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾಯಿತು. ರಾಜ್ಯಮಟ್ಟದ ಮತ್ತು ಜಿಲ್ಲಾಮಟ್ಟದ ದಾಸ್ತಾನುಗಳಲ್ಲಿ ಸೊನ್ನೆಗಿಂತ ಕೆಳಗೆ ಕಳೆದ ಸಮಯ ತೀರ ಕಡಿಮೆ. ಆದರೆ ಕೆಳಹಂತದ ಆರೋಗ್ಯ ಕೇಂದ್ರಗಳಲ್ಲಿ ಅದು ಒಟ್ಟು ಸಮಯದ ಹತ್ತನೇ ಒಂದು ಭಾಗದಷ್ಟಿತ್ತು. ಮಗುವಿಗೆ ಅತಿ ಹತ್ತಿರದ ಹಂತದಲ್ಲೇ ಚಳಿಯ ಅಪಾಯ ಅತಿ ಹೆಚ್ಚು. ಕಾರಣ ಊಹಿಸುವುದು ಕಷ್ಟವಲ್ಲ. ಕರೆಂಟು ಹೋದೀತೆಂಬ ಭಯಕ್ಕೆ ಬೇಸಿಗೆಯಲ್ಲಿ ಥರ್ಮೋಸ್ಟಾಟನ್ನು ಹೆಚ್ಚು ತಂಪಿಗೆ ತಿರುಗಿಸಿರುತ್ತಾರೆ. ಚಳಿಗಾಲ ಬಂದರೂ ಯಾರೂ ಅದನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ರಾತ್ರಿ ಮುಚ್ಚಳ ತೆರೆಯುವವರಿಲ್ಲ, ಹೊರಗೆ ಥಂಡಿ, ಕರೆಂಟೂ ಇದೆ. ತಳದ ಉಷ್ಣಾಂಶ ಸೊನ್ನೆಗಿಂತ ಕೆಳಗೆ ಜಾರುತ್ತದೆ. ಬೆಳಗ್ಗೆ ಬಾಗಿಲು ತೆರೆದು, ವಯಲ್ ತೆಗೆದು, ಥರ್ಮಾಮೀಟರ್ ನೋಡುವ ಹೊತ್ತಿಗೆ ಮತ್ತೆ 4.

ಭಾರತ ಸರ್ಕಾರ, ಯುಎನ್‌ಡಿಪಿ ಜೊತೆಗೂಡಿ, ಗಾವಿ ಸಂಸ್ಥೆಯ ನೆರವಿನಲ್ಲಿ 2015ರಿಂದ ಹರಡುತ್ತ ಬಂದ ಇವಿನ್ ಜಾಲವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮೊದಲ ಸುತ್ತಿನ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ; ಜಾಲ ನಮ್ಮಲ್ಲಿಗೆ ಬಂದದ್ದು ಆಮೇಲೆ. ಐಎಲ್‌ಆರ್ ಒಳಗೆ ಸೆನ್ಸರ್, ಹೊರಗೆ ಸಿಮ್ ಹಾಕಿದ ಲಾಗರ್. ಹತ್ತು ನಿಮಿಷಕ್ಕೊಮ್ಮೆ ದಾಖಲೆ, ಗಂಟೆಗೊಮ್ಮೆ ಸರ್ವರ್‌ಗೆ ರವಾನೆ. ಮಿತಿ ಮೀರಿದರೆ ಯಂತ್ರ ಕೂಗುತ್ತದೆ, ಸಂಬಂಧಪಟ್ಟವರಿಗೆ ಎಸ್‌ಎಂಎಸ್ ಹೋಗುತ್ತದೆ. ದಾಸ್ತಾನಿನ ಲೆಕ್ಕವೂ ಇದೇ ಜಾಲದಲ್ಲಿ ಬರುತ್ತದೆ. ಕೋವಿಡ್ ಕಾಲದ ಕೋವಿನ್ ಇದರ ಬುನಾದಿಯ ಮೇಲೆಯೇ ಎದ್ದದ್ದು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಯಾವುದೋ ಮೂಲೆಯ ಆರೋಗ್ಯ ಕೇಂದ್ರದ ಐಎಲ್‌ಆರ್ ಕೆಟ್ಟು ನಿಂತದ್ದು ಜಿಲ್ಲೆಯ ಲಸಿಕೆ ಉಸ್ತುವಾರಿ ಅಧಿಕಾರಿಗೆ (ಆರ್‌ಸಿಎಚ್‌ಒ) ಅದೇ ದಿನ ತಿಳಿಯುವುದು ಸಣ್ಣ ಸಂಗತಿಯಲ್ಲ. ಹಿಂದೆ ಅದು ಗೊತ್ತಾಗುತ್ತಿದ್ದದ್ದು ತಿಂಗಳ ಮೀಟಿಂಗಿನಲ್ಲಿ.

ಆದರೆ ಎಚ್ಚರಿಕೆಯ ಈ ವ್ಯವಸ್ಥೆ ಹೊಂದುವುದು ಶಾಖಕ್ಕೆ. ಶಾಖದ ಹಾನಿ ನಿಧಾನ, ದಿನದಿಂದ ದಿನಕ್ಕೆ ಕೂಡುತ್ತ ಹೋಗುವಂಥದ್ದು. ಎಸ್‌ಎಂಎಸ್ ಬಂದಮೇಲೆ ವಯಲ್‌ಗಳನ್ನು ಪಕ್ಕದ ಕೇಂದ್ರಕ್ಕೆ ಸಾಗಿಸಲು ಗಂಟೆಗಟ್ಟಲೆ ಸಮಯ ಇರುತ್ತದೆ. ಚಳಿ ಹಾಗಲ್ಲ. ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ರಾತ್ರಿ ಎರಡು ಗಂಟೆಗೆ ಕೇಂದ್ರದಲ್ಲಿ ಯಂತ್ರ ಕೂಗಿದರೆ ಬೀಗ ಹಾಕಿದ ಕೋಣೆಯಲ್ಲಿ ಕೇಳುವವರಾರು? ಫಾರ್ಮಸಿಸ್ಟ್ ಮನೆ ತಾಲ್ಲೂಕು ಕೇಂದ್ರದಲ್ಲಿ, ಫೋನ್ ದಿಂಬಿನ ಕೆಳಗೆ. ಎದ್ದು ಬೈಕ್ ಹತ್ತಿ ಬಂದರೂ ಅಷ್ಟರಲ್ಲಿ ಆಗಬೇಕಾದದ್ದು ಆಗಿರುತ್ತದೆ. ಹಾಗಾಗಿ ಚಳಿಯ ಸಂದರ್ಭದಲ್ಲಿ ಲಾಗರ್ ಮಾಡಬಹುದಾದ ಉಪಕಾರ ಲಸಿಕೆಯನ್ನು ಉಳಿಸುವುದಲ್ಲ. ಬೆಳಗ್ಗೆ ಮುಚ್ಚಳ ತೆರೆಯುವ ಮುಂಚೆಯೇ ಹೆಪ್ಪಿಗೆ ಹೆದರುವ ಈ ಲಸಿಕೆಗಳನ್ನು ಇವತ್ತು ಮುಟ್ಟಬೇಡಿ ಎಂದು ಹೇಳುವುದು, ಥರ್ಮೋಸ್ಟಾಟ್ ತಿರುಗಿಸಿ ಎಂದು ಹೇಳುವುದು. ಆ ಮಾತು ಹೋಗಬೇಕಾದದ್ದು ವಯಲ್ ಎತ್ತಿಕೊಳ್ಳುವ ಕೈಗೆ.

ಸರ್ವರ್‌ಗಿಂತ ಹಳೆಯ, ಅಗ್ಗದ, ಸಿಮ್ ಇಲ್ಲದ 30 ದಿನದ ರೆಕಾರ್ಡರ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಬರ್ಲಿಂಗರ್ ಕಂಪನಿ ರೂಪಿಸಿದ ಫ್ರಿಜ್-ಟ್ಯಾಗ್ ಇದಕ್ಕೆ ಒಳ್ಳೆಯ ಉದಾಹರಣೆ. ಅಂಗೈಯೊಳಗೆ ಹಿಡಿಯುವ ಪೆಟ್ಟಿಗೆ. ಬಟನ್ ಒತ್ತುತ್ತ ಹೋದರೆ ಇವತ್ತಿನ, ನಿನ್ನೆಯ, ಮೊನ್ನೆಯ ಕನಿಷ್ಠ ಮತ್ತು ಗರಿಷ್ಠ ಉಷ್ಣಾಂಶ ಒಂದೊಂದಾಗಿ ಪರದೆಗೆ ಬರುತ್ತದೆ. ಮಿತಿ ದಾಟಿದ ದಿನಕ್ಕೆ ಅಲಾರಂ ಗುರುತು. ಅದರ ಅಲಾರಂ ನಿಯಮದ ಹಿಂದೆ ವಿಜ್ಞಾನದ ತಿಳಿವಳಿಕೆ ಇದೆ: 8 ಡಿಗ್ರಿ ಮೀರಿ ಸತತ 10 ಗಂಟೆ ಕಳೆದರೆ ಶಾಖದ ಅಲಾರಂ, ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ 60 ನಿಮಿಷ ಕಳೆದರೆ ಚಳಿಯ ಅಲಾರಂ. ಶಾಖಕ್ಕೆ ಹತ್ತು ಗಂಟೆಯ ಸಹನೆ, ಚಳಿಗೆ ಒಂದೇ ಗಂಟೆ. ಲಸಿಕೆಯ ಸ್ವಭಾವವನ್ನು ಬಲ್ಲವರು ಇಟ್ಟ ನಿಯಮ ಇದು. ಸಿಸ್ಟರ್ ಐಎಲ್‌ಆರ್ ಎದುರು ನಿಂತೇ ಒಂದು ತಿಂಗಳ ಚರಿತ್ರೆ ಓದಿಬಿಡಬಹುದು, ಯಾರ ಲಾಗಿನ್ನೂ ಬೇಡ.

ಸರ್ವರ್ ಬೇಡವೆಂದು ನನ್ನ ವಾದವಲ್ಲ. ಸರ್ವರ್‌ನ ಅಂಕಿಗಳನ್ನು ಓದುವ ರೀತಿ ಬದಲಾಗಬೇಕು. ಸರಾಸರಿಯನ್ನೇ ನೋಡುವುದಾದರೆ ಈ ಲೆಕ್ಕ ಗಮನಿಸಿ: ದಿನದ 18 ಗಂಟೆ 6 ಡಿಗ್ರಿ, ರಾತ್ರಿಯ 6 ಗಂಟೆ ಸೊನ್ನೆಗಿಂತ 1 ಡಿಗ್ರಿ ಕೆಳಗೆ. ಸರಾಸರಿ 4.25. ವರದಿಯಲ್ಲಿ ಅಂದವಾಗಿ ಕಾಣುವ ಅಂಕಿ, ಫ್ರಿಜ್‌ನ ತಳದಲ್ಲಿದ್ದ ಪೆಂಟಾ ಅಷ್ಟೂ ಹಾಳು. ನೂರಕ್ಕೆ ಇಷ್ಟು ಸಮಯ ಸುರಕ್ಷಿತ ಎಂಬ ಲೆಕ್ಕವೂ ಇಂಥದ್ದೇ. 99 ಪಾಲು ಸರಿಯಿದ್ದು ಒಂದು ಪಾಲು ತಪ್ಪಿದೆ ಎಂದರೆ, ಆ ಒಂದು ಪಾಲು ಶಾಖದ್ದೋ ಚಳಿಯದೋ ಎಂದು ಕೇಳದೆ ಏನೂ ಹೇಳಿದಂತಾಗಲಿಲ್ಲ.

ಸೆನ್ಸರ್ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಐಎಲ್‌ಆರ್‌ನಲ್ಲಿ ತಳ ಹೆಚ್ಚು ತಣ್ಣಗೆ, ಮೇಲಿನ ಬುಟ್ಟಿ ಅಷ್ಟಲ್ಲ. ಅದಕ್ಕೇ ಪೋಲಿಯೊ ಹನಿ, ಬಿಸಿಜಿ, ದಡಾರದಂಥವು ಕೆಳಗೆ, ಹೆಪ್ಪಿಗೆ ಹೆದರುವವು ಮೇಲೆ ಬುಟ್ಟಿಯಲ್ಲಿ ಎಂದು ಕಲಿಸುತ್ತಾರೆ. ಒಂದೇ ಸೆನ್ಸರ್ ಇರುವಾಗ ಅದು ಹೆಪ್ಪಿಗೆ ಹೆದರುವ ವಯಲ್‌ಗಳ ನಡುವೆಯೇ ಇರಬೇಕು. ಗೋಡೆಗೆ ಅಂಟಿಕೊಂಡೋ ಮುಚ್ಚಳದ ಬಳಿ ತೂಗಾಡುತ್ತಲೋ ಇದ್ದರೆ ಅದು ಹೇಳುವುದು ವಯಲ್‌ಗಳ ಕಥೆಯನ್ನಲ್ಲ. ಗಾಳಿಗೆ ಒಡ್ಡಿದ ಸೆನ್ಸರ್ ಮುಚ್ಚಳ ತೆರೆದಾಗಲೆಲ್ಲ ಜಿಗಿಯುತ್ತದೆ, ಸುಮ್ಮಸುಮ್ಮನೆ ಅಲಾರಂ ಬರುತ್ತದೆ. ಸುಳ್ಳು ಅಲಾರಂ ಕೇಳಿ ಕೇಳಿ ನಿಜದ್ದಕ್ಕೂ ಯಾರೂ ತಿರುಗಿ ನೋಡದಂತಾಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಕೈಪಿಡಿ ಈ ವಿಷಯದಲ್ಲಿ ಅನುಕರಣೀಯ. ಗ್ಲೈಕಾಲ್ ತುಂಬಿದ ಸಣ್ಣ ಬಾಟಲಿಯಲ್ಲಿ ಸೆನ್ಸರ್ ಮುಳುಗಿಸಿಡಿ, ಆಗ ಗಾಳಿಯ ಬದಲು ವಯಲ್ ಒಳಗಿನ ದ್ರವದ ಸ್ಥಿತಿ ತಿಳಿಯುತ್ತದೆ ಎನ್ನುತ್ತದೆ ಅದು. ಅರ್ಧ ಡಿಗ್ರಿಯೊಳಗಿನ ನಿಖರತೆ, ಕ್ಯಾಲಿಬ್ರೇಷನ್ ಪ್ರಮಾಣಪತ್ರ, 30 ನಿಮಿಷಕ್ಕೊಮ್ಮೆಯಾದರೂ ದಾಖಲೆ, ಪ್ರತಿ ಕೆಲಸದ ದಿನದ ಆರಂಭದಲ್ಲಿ ಕನಿಷ್ಠ–ಗರಿಷ್ಠ ನೋಡುವುದು, ಎಲ್ಲವೂ ಅದರಲ್ಲಿದೆ. ಅಲ್ಲಿ ಮಕ್ಕಳಿಗೆ ಸರ್ಕಾರದಿಂದ ಉಚಿತ ಲಸಿಕೆ ಪಡೆಯುವ ಕ್ಲಿನಿಕ್‌ಗಳಿಗೆ 2018ರಿಂದ ಡಿಜಿಟಲ್ ಲಾಗರ್ ಕಡ್ಡಾಯ. ನಾನು ಹೆಚ್ಚು ಬೆಲೆ ಕೊಡುವುದು ಮಾತ್ರ ಇನ್ನೊಂದು ಸೂಚನೆಗೆ: ಉಷ್ಣಾಂಶ ಮಿತಿ ತಪ್ಪಿದರೆ ಲಸಿಕೆಯನ್ನು ಬಿಸಾಡಬೇಡಿ, ಬಳಸಲೂ ಬೇಡಿ, ಬಳಸಬಾರದು ಎಂದು ಚೀಟಿ ಅಂಟಿಸಿ, ಫ್ರಿಜ್‌ನಲ್ಲೇ ಬೇರೆಯಾಗಿಟ್ಟು, ತಯಾರಕರನ್ನು ಕೇಳಿ ತೀರ್ಮಾನಿಸಿ.

ಇಂಥ ನಡುದಾರಿ ನಮ್ಮ ಕೆಳಹಂತದ ಸಿಬ್ಬಂದಿಗೆ ಇಲ್ಲದಿರುವುದೇ ದೊಡ್ಡ ಕೊರತೆ. ವಯಲ್ ತೆಗೆದುಹಾಕಿದರೆ ವೇಸ್ಟೇಜ್ ಲೆಕ್ಕಕ್ಕೆ ಬರುತ್ತದೆ, ಮೇಲಿನವರು ವಿವರಣೆ ಕೇಳುತ್ತಾರೆ. ಹೆಪ್ಪುಗಟ್ಟಿದ ವಯಲ್ ಕೊಟ್ಟರೆ ಯಾರೂ ಏನೂ ಕೇಳುವುದಿಲ್ಲ, ಏಕೆಂದರೆ ಮಗುವಿಗೆ ಅಂದು ಏನೂ ಆಗುವುದಿಲ್ಲ. ತಾಯಿ ಕಾರ್ಡಿನಲ್ಲಿ ತಾರೀಕು ಬರೆಸಿಕೊಂಡು ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ರಕ್ಷಣೆ ಮಾತ್ರ ಸಿಕ್ಕಿರುವುದಿಲ್ಲ; ಅದು ತಿಳಿಯುವುದು ವರ್ಷಗಳ ನಂತರ ಗಂಟಲಮಾರಿಯ ರೂಪದಲ್ಲಿ. ಶಿಕ್ಷೆ ಒಂದೇ ಕಡೆಗೆ ವಾಲಿರುವಾಗ ಲಾಗರ್ ಎಷ್ಟು ಸತ್ಯ ಹೇಳಿದರೂ ಅದನ್ನು ಕೇಳಿಸಿಕೊಳ್ಳುವ ಧೈರ್ಯ ಫಾರ್ಮಸಿಸ್ಟ್‌ಗೆ ಎಲ್ಲಿಂದ ಬರಬೇಕು? ಲಾಗರ್‌ನ ಚಳಿ ಅಲಾರಂ ತೋರಿಸಿ ಬೇರೆಯಿಟ್ಟ ವಯಲ್ಲನ್ನು ವೇಸ್ಟೇಜ್ ಎಂದು ಎಣಿಸಬಾರದು. ಒಂದು ಸುತ್ತೋಲೆಯಲ್ಲಿ ಆಗುವ ಕೆಲಸ ಇದು.

ಇಷ್ಟೆಲ್ಲ ಸರ್ಕಾರಿ ಕೇಂದ್ರಗಳ ಮಾತಾಯಿತು. ಖಾಸಗಿ ಕ್ಲಿನಿಕ್ ಮತ್ತು ಮೆಡಿಕಲ್ ಶಾಪ್‌ಗಳಲ್ಲಿ ಮನೆಬಳಕೆಯ ಫ್ರಿಜ್ ಕಾಣುವುದೇ ಹೆಚ್ಚು. ಬಾಗಿಲಿನ ತಟ್ಟೆಯಲ್ಲಿ ಇನ್ಸುಲಿನ್, ಫ್ರೀಜರ್ ತಳಕ್ಕೆ ಒತ್ತಿಕೊಂಡು ಲಸಿಕೆ. ಇನ್ಸುಲಿನ್ ಕೂಡ ಹೆಪ್ಪುಗಟ್ಟಿದರೆ ಕೆಡುತ್ತದೆ. ಕನಿಷ್ಠ–ಗರಿಷ್ಠ ನೆನಪಿಡುವ ಒಂದು ಸಣ್ಣ ಮೀಟರ್ ಕೂಡ ಇಲ್ಲದ ಇಂಥ ಕಡೆ ಲಾಗರ್‌ನ ಗುಣದೋಷ ಚರ್ಚಿಸುವುದು ಇನ್ನೂ ದೂರದ ಮಾತು.

ಕೊನೆಯದು, ಲಾಗರ್ ಹೋಗದೇ ಇರುವ ಜಾಗ. ಇವಿನ್‌ನ ಸೆನ್ಸರ್ ಐಎಲ್‌ಆರ್ ಜೊತೆಗೇ ಉಳಿಯುತ್ತದೆ. ಹಳ್ಳಿಗಳಲ್ಲಿ ಲಸಿಕೆ ಹಾಕುವ ದಿನವಾದ ಗುರುವಾರ ಬೆಳಗ್ಗೆ ಲಸಿಕೆ ವ್ಯಾಕ್ಸಿನ್ ಕ್ಯಾರಿಯರ್ ಸೇರಿ ಹಳ್ಳಿಗೆ ಹೊರಡುತ್ತದೆ. ನಾಲ್ಕು ಐಸ್ ಪ್ಯಾಕ್ ನಡುವೆ ವಯಲ್‌ಗಳ ಚೀಲ. ಡೀಪ್ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹೊರಗಿಟ್ಟು, ಮೈ ಬೆವತು, ಕಿವಿಯ ಬಳಿ ಕುಲುಕಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಕ್ಯಾರಿಯರ್‌ಗೆ ಹಾಕಬೇಕು. ಮಲೆನಾಡಿನ ಡಿಸೆಂಬರ್‌ ಬೆಳಗಿನಲ್ಲಿ ಆ ಸದ್ದು ಬರಲು ಬಹಳ ಹೊತ್ತು ಬೇಕು, ಬಸ್ಸು ಮಾತ್ರ ಕಾಯುವುದಿಲ್ಲ. ಅವಸರಕ್ಕೆ ಗಟ್ಟಿ ಪ್ಯಾಕನ್ನೇ ಹಾಕಿದರೆ ಅದರ ಪಕ್ಕದ ವಯಲ್ ದಾರಿಯಲ್ಲೇ ಹೆಪ್ಪುಗಟ್ಟೀತು. ಗಟ್ಟಿ ಪ್ಯಾಕ್ ಹಾಕಿದರೂ ವಯಲ್‌ಗೆ ಚಳಿ ನೇರವಾಗಿ ತಾಗದಂತೆ ಒಳಗೆ ತಡೆಗೋಡೆಯಿರುವ ಕ್ಯಾರಿಯರ್‌ಗಳು ಈಗ ಇವೆ. ಅವು ಮೊದಲು ಹೋಗಬೇಕಾದದ್ದು ಇಂಥ ಊರುಗಳಿಗೆ. ಎಲ್ಲ ಕ್ಯಾರಿಯರ್‌ಗೂ ಲಾಗರ್ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ತಾಲ್ಲೂಕಿಗೆ ಎರಡು ಸಣ್ಣ ಲಾಗರ್ ಕೊಟ್ಟು, ಪ್ರತಿ ಗುರುವಾರ ಬೇರೆ ಬೇರೆ ಸಿಸ್ಟರ್‌ಗಳ ಕ್ಯಾರಿಯರ್‌ನಲ್ಲಿ ವಯಲ್‌ಗಳ ಜೊತೆ ಇಟ್ಟು ಕಳಿಸಿ, ಸಂಜೆ ವಾಪಸು ಬಂದಮೇಲೆ ಆ ಗ್ರಾಫನ್ನು ಮೊದಲು ಅವರಿಗೇ ತೋರಿಸಿದರೆ ಸಾಕು. ಐಸ್ ಪ್ಯಾಕನ್ನು ಇನ್ನೆಷ್ಟು ಹೊತ್ತು ಹೊರಗಿಡಬೇಕಿತ್ತು ಎಂಬುದನ್ನು ಆ ಗೆರೆ ನೋಡಿ ಅವರೇ ಹೇಳಿಯಾರು.