ಸೋರುವ ಮಾಳಿಗೆ ಯಾರದು?

ರಘು ದೀಕ್ಷಿತ್ ಎಂದರೆ ನಮ್ಮ ಹುಡುಗರಿಗೆ ಸಿನಿಮಾ ಹಾಡು, ಲುಂಗಿ, ಗೆಜ್ಜೆ. 2008ರಲ್ಲಿ ಬಂದ ಅವರ ಮೊದಲ ಆಲ್ಬಮ್ ಪೂರ್ತಿ ಕೇಳಿದವರು ಸಿ.ಎಸ್. ಪುರದ ನಮ್ಮ ಗೆಳೆಯರಲ್ಲಿ ಇಬ್ಬರೇ. ರಾಕ್ ಎಂದ ಕೂಡಲೇ ಪೇಟೆಯವರ ಗದ್ದಲ ಅಂದುಕೊಂಡೆವು. ತಪ್ಪು ನಮ್ಮದೂ ಹೌದು. ಕಂಪನಿಗಳು ವರ್ಷಗಟ್ಟಲೆ ಬೇಡವೆಂದದ್ದನ್ನು ಕೊನೆಗೆ ಹಿಂದಿ ಸಿನಿಮಾದ ವಿಶಾಲ್-ಶೇಖರ್ ಹೊರತಂದರು. ಅದರಲ್ಲಿ ಕನ್ನಡದವು ಎರಡೇ. ಎರಡೂ ಶಿಶುನಾಳ ಷರೀಫರವು (1819-1889).

ಗುಡುಗುಡಿಯ ಪದ ಗೆದ್ದಿದೆ. ಗಿಟಾರಿಗೂ ಏಕತಾರಿಗೂ ಜಗಳವಿಲ್ಲ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ನಮ್ಮ ತಕರಾರು ಸೋರುವ ಮಾಳಿಗೆಯ ಪದದ ಬಗ್ಗೆ. ಮಾಳಿಗೆ ಅಂದರೆ ದೇಹ, ಸೋರಿಕೆಗೆ ಕಾರಣ ಅಜ್ಞಾನ ಎಂದೇ ಮೇಷ್ಟ್ರುಗಳು ಹೇಳಿಕೊಟ್ಟರು. ಇರಲಿ. ಹಟ್ಟಿಯಲ್ಲಿ ಇದನ್ನು ಮೊಬೈಲಿನಲ್ಲಿ ಹಾಕಿದಾಗ ಅಜ್ಜಿಯೊಬ್ಬಳು ಕೇಳಿದಳು: "ಏನಪ್ಪಾ, ಇವ್ರ ಮನೇನೂ ಸೋರ್ತಿತ್ತಾ? ಮಕ್ಕಳನ್ನ ಎಲ್ಲಿ ಮಲಗಿಸಿದ್ರಂತೆ?"

ದೀಕ್ಷಿತರದು ತುಂಬುದನಿ, ಬಯಲು ತುಂಬುವ ದನಿ. ಮಳೆರಾತ್ರಿ ಪಾತ್ರೆ ಇಟ್ಟುಕೊಂಡು ಕೂತವರ ದನಿ ಹಂಗಿರಲ್ಲ. ಆದರೂ ಷರೀಫರ ಹೆಸರೇ ಕೇಳದ ಪೇಟೆ ಹುಡುಗರ ಕಿವಿಗೆ ಈ ಪದ ಬಿದ್ದದ್ದು ಈ ಆಲ್ಬಮ್ಮಿನಿಂದ. ಅದು ಸಣ್ಣ ಕೆಲಸವಲ್ಲ. ಮೇಷ್ಟ್ರೇ, ಶಾಲೆಯಲ್ಲಿ ಇದನ್ನು ಹಾಕಿ. ಜೊತೆಗೆ ಅಜ್ಜಿಯ ಪ್ರಶ್ನೆಯನ್ನೂ ಇಡಿ, ಮಕ್ಕಳು ಏನಂತಾರೆ ನೋಡೋಣ.