ಅನ್ನ ತಂದವರ ಲೆಕ್ಕ: ‘ಕ್ರಿಪ್ ಕ್ಯಾಂಪ್’ ಚಿತ್ರವನ್ನು ಕುರಿತು

ಅಮೆರಿಕದ ಅಂಗವಿಕಲರ ಹಕ್ಕುಗಳ ಚಳವಳಿಯನ್ನು ಕುರಿತು ಬಂದ ಕೃತಿಗಳಲ್ಲಿ 2020ರ ‘ಕ್ರಿಪ್ ಕ್ಯಾಂಪ್’ ಎಂಬ ಸಾಕ್ಷ್ಯಚಿತ್ರವು ಬಹು ಪ್ರಸಿದ್ಧವಾದುದು. ನಿಕೋಲ್ ನ್ಯೂನಮ್ ಮತ್ತು ಜೇಮ್ಸ್ ಲೆಬ್ರೆಕ್ಟ್ ಇದರ ನಿರ್ದೇಶಕರು. ಹುಟ್ಟಿನಿಂದಲೇ ಬೆನ್ನುಹುರಿಯ ದೋಷವುಳ್ಳ ಲೆಬ್ರೆಕ್ಟ್ ಹದಿಹರೆಯದಲ್ಲಿ ನ್ಯೂಯಾರ್ಕ್ ರಾಜ್ಯದ ‘ಕ್ಯಾಂಪ್ ಜೆನೆಡ್’ ಎಂಬ ಬೇಸಿಗೆ ಶಿಬಿರದಲ್ಲಿ ಇದ್ದವರು. ‘ಕ್ರಿಪ್’ ಎಂಬುದು ನಮ್ಮಲ್ಲಿ ‘ಕುಂಟ’ ಎಂದು ಹಳಿದಂತೆ ಕೇಳುವ ಮಾತು. ಹಳಿಸಿಕೊಂಡವರೇ ಅದನ್ನು ಹೆಸರಾಗಿ ಧರಿಸಿದ್ದಾರೆ.

ಚಿತ್ರದ ಪೂರ್ವಾರ್ಧವು ನಿಜಕ್ಕೂ ಅಪೂರ್ವವಾಗಿದೆ. 1971ರಲ್ಲಿ ಶಿಬಿರದಲ್ಲಿ ತೆಗೆದ ಹಳೆಯ ದೃಶ್ಯಗಳಲ್ಲಿ ಯುವಕ ಯುವತಿಯರು ಮೇಜಿನ ಸುತ್ತ ಕುಳಿತು ತಂದೆತಾಯಿಗಳ ಅತಿಯಾದ ರಕ್ಷಣೆಯನ್ನು ಕುರಿತು ಚರ್ಚಿಸುತ್ತಾರೆ. ಅವರಲ್ಲಿ ಒಬ್ಬಳ ಮಾತು ಸುಲಭವಾಗಿ ಅರ್ಥವಾಗುವುದಿಲ್ಲ. ಆದರೂ ಯಾರೊಬ್ಬರೂ ಅವಳ ಮಾತನ್ನು ಅರ್ಧಕ್ಕೆ ತುಂಡರಿಸುವುದಿಲ್ಲ. ಅವಳು ಹೇಳಬೇಕಾದುದನ್ನು ಹೇಳಿ ಮುಗಿಸುವವರೆಗೂ ಕಾಯುತ್ತಾರೆ. ಸಮಾನತೆಯನ್ನು ಕುರಿತ ಅನೇಕ ಉಪನ್ಯಾಸಗಳು ಮಾಡಲಾರದ ಕೆಲಸವನ್ನು ಈ ಕೆಲವು ನಿಮಿಷಗಳು ಮಾಡುತ್ತವೆ. ನಮ್ಮ ಟ್ರಸ್ಟುಗಳು ತಮ್ಮ ಸಭಾಭವನಗಳಲ್ಲಿ ಇದನ್ನು ಅವಶ್ಯವಾಗಿ ಪ್ರದರ್ಶಿಸಬಹುದು. (ಪ್ರದರ್ಶನಕ್ಕೆ ಮೊದಲು ಆ ಭವನದ ಬಾಗಿಲಿಗೆ ಎಷ್ಟು ಮೆಟ್ಟಿಲುಗಳಿವೆಯೆಂದು ಎಣಿಸಿಕೊಂಡರೆ ಒಳಿತು.)

ಆಕ್ಷೇಪವಿರುವುದು ಉತ್ತರಾರ್ಧದಲ್ಲಿ. ಅಲ್ಲಿ ಚಿತ್ರವು 1977ರ ಸ್ಯಾನ್ ಫ್ರಾನ್ಸಿಸ್ಕೋ ಧರಣಿಗೆ ಬರುತ್ತದೆ. 1973ರ ಪುನರ್ವಸತಿ ಕಾಯಿದೆಯ 504ನೆಯ ಕಲಮು, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರಿಗೆ ಭೇದ ಮಾಡಬಾರದೆಂದು ವಿಧಿಸಿತ್ತು. ಆದರೆ ಅದನ್ನು ಜಾರಿಗೆ ತರುವ ನಿಯಮಗಳಿಗೆ ನಾಲ್ಕು ವರ್ಷವಾದರೂ ಸಹಿ ಬೀಳಲಿಲ್ಲ. 1977ರ ಏಪ್ರಿಲ್ 5ರಂದು ನೂರಕ್ಕೂ ಹೆಚ್ಚು ಮಂದಿ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯ ಕಛೇರಿಯನ್ನು ಪ್ರವೇಶಿಸಿ ಅಲ್ಲಿಯೇ ಉಳಿದರು. ಏಪ್ರಿಲ್ 28ರಂದು ಸಚಿವ ಜೋಸೆಫ್ ಕ್ಯಾಲಿಫಾನೋ ಸಹಿ ಹಾಕಿದರು. ಅಷ್ಟು ದಿನಗಳ ಕಾಲ ಧರಣಿ ಕುಳಿತವರಿಗೆ ಬಿಸಿ ಊಟವನ್ನು ಪ್ರತಿದಿನ ತಂದುಕೊಟ್ಟವರು ಓಕ್ಲೆಂಡಿನ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು, ಎಂದರೆ ಕಪ್ಪು ಜನಾಂಗದ ಹಕ್ಕಿಗಾಗಿ ಹೋರಾಡುತ್ತಿದ್ದವರು.

ಚಿತ್ರವು ಈ ಊಟವನ್ನು ತೋರಿಸುತ್ತದೆ, ಕೃತಜ್ಞತೆಯಿಂದಲೇ ತೋರಿಸುತ್ತದೆ. ಆದರೆ ಅನ್ನ ತಂದವರು ನೋಡುಗನ ಮನಸ್ಸಿನಲ್ಲಿ ಉಳಿಯುವುದು ಉದಾರ ನೆರೆಹೊರೆಯವರಾಗಿ, ದಾನಿಗಳಾಗಿ. ವಾಸ್ತವದಲ್ಲಿ ಅವರು ದಾನಿಗಳಲ್ಲ. ಅವರ ಪಕ್ಷದ ಸದಸ್ಯರೇ ಆದ ಬ್ರಾಡ್ ಲೋಮ್ಯಾಕ್ಸ್ ಮತ್ತು ಚಕ್ ಜಾಕ್ಸನ್ ಆ ಕಟ್ಟಡದ ಒಳಗಿದ್ದರು. ಲೋಮ್ಯಾಕ್ಸ್ ಗಾಲಿಕುರ್ಚಿಯಲ್ಲಿದ್ದವರು, ಜಾಕ್ಸನ್ ಅವರ ಸಹಾಯಕರು, ಇತರ ಧರಣಿಗಾರರ ಆರೈಕೆಯನ್ನೂ ಕೈಗೆತ್ತಿಕೊಂಡವರು. ಇವರಿಗೆ ಚಿತ್ರದಲ್ಲಿ ದೊರೆತಿರುವುದು ಒಂದು ಉಲ್ಲೇಖದಷ್ಟು ಸ್ಥಳ. ಅದೇ ಚಿತ್ರವು ಜೂಡಿತ್ ಹ್ಯೂಮನ್ ಅವರನ್ನು ಬಾಲ್ಯದಿಂದ ಹಿಂಬಾಲಿಸುತ್ತದೆ. ಗಾಲಿಕುರ್ಚಿಯ ಮಗುವೆಂದು ಶಾಲೆ ಅವರನ್ನು ಸೇರಿಸಿಕೊಳ್ಳದೆ ಹೋದುದನ್ನೂ ಹೇಳುತ್ತದೆ. ಹ್ಯೂಮನ್ ಅವರ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಬ್ಬರಿಗೆ ಬಾಲ್ಯವೂ ಕಾರಣಗಳೂ ಇವೆ, ಇನ್ನೊಬ್ಬರಿಗೆ ಹೆಸರು ಮಾತ್ರ.

ಲೋಮ್ಯಾಕ್ಸ್ ಅವರಿಗೂ ಕಾರಣಗಳಿದ್ದವು. 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಅವರಿಗೆ ಯೌವನದಲ್ಲಿಯೇ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ತಗುಲಿತು. ವಾಷಿಂಗ್ಟನ್ನಿನಲ್ಲಿ ಪಕ್ಷದ ಶಾಖೆಯನ್ನು ಕಟ್ಟುವುದರಲ್ಲಿ ಪಾಲ್ಗೊಂಡು, ಆಮೇಲೆ ಓಕ್ಲೆಂಡಿಗೆ ಬಂದರು. ಅಲ್ಲಿ ಬಸ್ಸು ಹತ್ತಬೇಕಾದರೆ ಸೋದರನು ಅವರನ್ನು ಕುರ್ಚಿಯಿಂದ ಎತ್ತಿ, ಮೆಟ್ಟಿಲು ಹತ್ತಿ, ಆಸನದಲ್ಲಿ ಕೂರಿಸಿ, ಮತ್ತೆ ಕೆಳಗಿಳಿದು ಬರಿಯ ಕುರ್ಚಿಯನ್ನು ತರಬೇಕಾಗಿತ್ತು. ಬಸ್ಸಿನಲ್ಲಿ ಕಪ್ಪು ಜನರು ಎಲ್ಲಿ ಕುಳಿತುಕೊಳ್ಳಬೇಕು ಎಂಬ ಪ್ರಶ್ನೆಗಾಗಿ 1955ರಲ್ಲಿ ಮಾಂಟ್‌ಗೊಮರಿ ನಗರದಲ್ಲಿ ಎಷ್ಟು ದೊಡ್ಡ ಹೋರಾಟ ನಡೆಯಿತೆಂಬುದು ವಾಚಕರಿಗೆ ತಿಳಿದಿದೆ. ಲೋಮ್ಯಾಕ್ಸ್ ಅವರ ಪಾಲಿಗೆ ಬಸ್ಸಿನ ಒಳಗೆ ಹೋಗುವುದೇ ಇನ್ನೂ ಪ್ರಶ್ನೆಯಾಗಿತ್ತು. 1975ರಲ್ಲಿ ಅವರು ಬರ್ಕ್ಲಿಯ ‘ಸ್ವತಂತ್ರ ಜೀವನ ಕೇಂದ್ರ’ದ ಎಡ್ ರಾಬರ್ಟ್ಸ್ ಅವರ ಬಳಿಗೆ ಹೋಗಿ, ಕಪ್ಪು ಜನರು ವಾಸಿಸುವ ಪೂರ್ವ ಓಕ್ಲೆಂಡಿನಲ್ಲಿಯೂ ಒಂದು ಶಾಖೆ ಬೇಕೆಂದು ಕೇಳಿದರು. ಶಾಖೆ ತೆರೆಯಿತು. ಎರಡು ಚಳವಳಿಗಳು ಜೊತೆಗೂಡಿದುದು ಧರಣಿಗೆ ಎರಡು ವರ್ಷ ಮೊದಲೇ, ಒಬ್ಬ ಮನುಷ್ಯನ ಓಡಾಟದಿಂದ. ಊಟವು ಆ ಗೆಳೆತನದ ಫಲವಾಗಿ ಬಂದಿತು. ಅಡುಗೆಯ ವ್ಯವಸ್ಥೆಯೂ ಹೊಸದಲ್ಲ; 1969ರಿಂದ ಬಡಮಕ್ಕಳಿಗೆ ಉಚಿತ ಉಪಾಹಾರ ನೀಡುತ್ತಿದ್ದ ಪಕ್ಷಕ್ಕೆ ನೂರಾರು ಎಲೆಗಳ ಲೆಕ್ಕ ಗೊತ್ತಿತ್ತು.

ಕಾನೂನಿನ ನಂಟೂ ಇದೆ. 504ನೆಯ ಕಲಮಿನ ವಾಕ್ಯರಚನೆಯನ್ನು ಜನಾಂಗಭೇದವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಮಾದರಿಯಲ್ಲಿಯೇ ಮಾಡಲಾಗಿತ್ತು. ಕಪ್ಪು ಜನರು ಗಳಿಸಿದ ಮೂಲಧನದ ಮೇಲೆ ಅಂಗವಿಕಲರ ಹಕ್ಕು ನಿಂತಿತು ಎಂದರೆ ಉತ್ಪ್ರೇಕ್ಷೆಯಲ್ಲ. ಹೀಗಿರುವಾಗ ಜಮೆಯ ಪುಟದಲ್ಲಿ ಬರೆಯಬೇಕಾದ ಹೆಸರುಗಳನ್ನು ‘ಇತರೆ’ ಎಂಬ ಬಾಬಿನಲ್ಲಿ ಸೇರಿಸಿಬಿಡುವುದು ಸಣ್ಣ ತಪ್ಪಲ್ಲ. ಅನ್ನದಾನದ ಫಲಕಗಳನ್ನು ಕಂಡು ಬೆಳೆದ ನಮ್ಮಂಥವರಿಗೆ, ಕೊಟ್ಟವನು ಬೇರೆ, ಹೋರಾಡಿದವನು ಬೇರೆ ಎಂದು ಓದಿಕೊಳ್ಳುವುದು ಇನ್ನೂ ಸುಲಭ.

ನಿರ್ದೇಶಕರ ಪರವಾಗಿ ಒಂದು ಮಾತು ಹೇಳಲೇಬೇಕು. ಚಿತ್ರವು ಒಂದು ಶಿಬಿರದ ಗೆಳೆಯರ ಕಥೆ. ಲೋಮ್ಯಾಕ್ಸ್ ಆ ಶಿಬಿರದವರಲ್ಲ. ಅಲಬಾಮಾದಿಂದ ಬಂದು ಶಿಬಿರದಲ್ಲಿ ಕೆಲಸ ಮಾಡಿದ ಕಪ್ಪು ಜನಾಂಗದ ಒಬ್ಬರ ಸಾಕ್ಷ್ಯವನ್ನೂ ಅವರು ಸೇರಿಸಿದ್ದಾರೆ. ಅದು ಚಿತ್ರದ ಒಳ್ಳೆಯ ಭಾಗಗಳಲ್ಲೊಂದು. ಆದರೆ ಚಿತ್ರವು ಶಿಬಿರವನ್ನು ಬಿಟ್ಟು ಧರಣಿಯ ಇತಿಹಾಸವನ್ನು ಹೇಳಲು ಹೊರಟ ಮೇಲೆ, ಇತಿಹಾಸದ ಹೊಣೆಯೂ ಅದಕ್ಕೆ ಬರುತ್ತದೆ.

ಲೋಮ್ಯಾಕ್ಸ್ 1984ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ ನಿಧನರಾದರು. 1990ರ ಅಮೆರಿಕದ ಅಂಗವಿಕಲರ ಕಾಯಿದೆಯನ್ನು ಅವರು ಕಾಣಲಿಲ್ಲ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು, ಹಿಂದೆ ತಾನು ಗಮನಿಸದೆ ಬಿಟ್ಟವರಿಗಾಗಿ ಮೀಸಲಿಟ್ಟ ಅಂಕಣದಲ್ಲಿ ಅವರ ನಿಧನವಾರ್ತೆಯನ್ನು ಪ್ರಕಟಿಸಿದ್ದು 2020ರಲ್ಲಿ, ಈ ಚಿತ್ರ ಬಿಡುಗಡೆಯಾದ ವರ್ಷವೇ.